ಜಿ. ಪಿ. ಸ್ಯಾಂಡರ್ಸನ್

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ (1848–1892) ಮೈಸೂರು ಸೀಮೆಯಲ್ಲಿ ಖೆಡ್ಡಾ ವಿಧಾನದಿಂದ ಕಾಡಾನೆಗಳನ್ನು ಹಿಡಿಯುವ ಕಾರ್ಯವನ್ನು ಮೊದಲಬಾರಿಗೆ ಸಾಧಿಸಿ ತೋರಿಸಿದ ಬ್ರಿಟಿಷ್ ಅಧಿಕಾರಿ ಹಾಗೂ ಲೇಖಕ. ಇವರ ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಪಾದ್ರಿ. ರೀವ್ ರಚಿಸಿದ ಕನ್ನಡ ನಿಘಂಟನ್ನು ಪರಿಷ್ಕರಿಸಿದ ವಿದ್ವಾಂಸರು.

ಸ್ಯಾಂಡರ್ಸನ್ 1864ರಲ್ಲಿ ಮೈಸೂರಿಗೆ ಬಂದು ಮುಂದೆ ನೀರಾವರಿ ಕಾಲುವೆಗಳ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿದರು. ಕೆಲಸದ ನಿಮಿತ್ತ ಕಾಡಂಚಿನ ಊರುಗಳಲ್ಲಿ ತಿರುಗುತ್ತ ಕನ್ನಡ ಕಲಿತರು. ಸೋಲಿಗರು ಮತ್ತು ಕಾಡುಕುರುಬರ ಒಡನಾಟದಲ್ಲಿ ಆನೆಗಳ ಚಲನವಲನವನ್ನು ಅರಿತರು.

ಚಾಮರಾಜನಗರದ ಸುತ್ತ ಆನೆಗಳು ಪೈರನ್ನು ಹಾಳುಮಾಡುತ್ತಿದ್ದುದರಿಂದ, 1873ರಲ್ಲಿ ಅವನ್ನು ಹಿಂಡುಹಿಂಡಾಗಿ ಹಿಡಿಯುವ ಯೋಜನೆಯನ್ನು ಇವರು ಸರ್ಕಾರದ ಮುಂದಿಟ್ಟರು. ಹೈದರಾಲಿಯೂ, 1867ರಲ್ಲಿ ಕರ್ನಲ್ ಪಿಯರ್ಸನ್ನರೂ ಈ ಪ್ರಯತ್ನದಲ್ಲಿ ಸೋತಿದ್ದರು. ಸ್ವತಃ ಸ್ಯಾಂಡರ್ಸನ್ನರಿಗೂ ಆನೆ ಹಿಡಿದ ಅನುಭವವಿರಲಿಲ್ಲ. ಆದರೂ 1874ರ ಜೂನ್‌ನಲ್ಲಿ ಕರಡಿಹಳ್ಳಿಯ ಬಳಿ ಐವತ್ತಕ್ಕೂ ಹೆಚ್ಚು ಆನೆಗಳು ಸೆರೆಸಿಕ್ಕವು. ನೂರಾರು ಜನರು ಹಿಂಡನ್ನು ಸುತ್ತುವರಿದು, ರಾತ್ರಿಯಿಡೀ ಬೆಂಕಿ ಹಾಕಿ ಕಾವಲಿದ್ದು, ತಮಟೆ ಮತ್ತು ಕೂಗುಗಳಿಂದ ಅದನ್ನು ಆವರಣದೊಳಕ್ಕೆ ಅಟ್ಟುವುದು ಈ ವಿಧಾನ. ಬಳಿಕ ಪಳಗಿದ ಆನೆಗಳ ನೆರವಿನಿಂದ ಒಂದೊಂದನ್ನೇ ಹಗ್ಗದಿಂದ ಬಿಗಿಯುತ್ತಿದ್ದರು. ಹಿಂಡಿನ ಜಾಡು ಹಿಡಿದ ಕಾಡುಜನರಿಲ್ಲದೆ ಈ ಯಶಸ್ಸು ಅಸಾಧ್ಯವಾಗಿತ್ತೆಂಬುದನ್ನು ಮರೆಯಲಾಗದು. ಸೆರೆಸಿಕ್ಕ ಆನೆಗಳಲ್ಲಿ ಕೆಲವು ಪಳಗುವ ಮೊದಲೇ ಸಾಯುತ್ತಿದ್ದವು ಎಂಬುದೂ ಈ ವೃತ್ತಿಯ ಕಠೋರ ಮುಖ.

1875ರಲ್ಲಿ ಬಂಗಾಳದ ಆನೆ ಹಿಡಿಯುವ ಇಲಾಖೆಯ ಹೊಣೆ ಹೊತ್ತು ಗಾರೋ ಬೆಟ್ಟ ಮತ್ತು ಚಿತ್ತಗಾಂಗ್ ಪ್ರದೇಶಗಳಲ್ಲಿ ದುಡಿದರು. ಭಾರತದ ವನ್ಯಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳನ್ನು ಕುರಿತ ಇವರ ಇಂಗ್ಲಿಷ್ ಗ್ರಂಥ 1878ರಲ್ಲಿ ಪ್ರಕಟವಾಯಿತು. ಬೇಟೆಗಾರನ ಬರಹವಾದರೂ ಅದರ ನಿಜವಾದ ಬೆಲೆ ಇರುವುದು ಆನೆಯನ್ನು ಕುರಿತ ಅಧ್ಯಾಯಗಳಲ್ಲಿ. ಹಿಂಡನ್ನು ಮುನ್ನಡೆಸುವುದು ಸಲಗವಲ್ಲ, ಹೆಣ್ಣಾನೆ ಎಂದು ಇವರು ಸ್ಪಷ್ಟವಾಗಿ ದಾಖಲಿಸಿದರು. ಆನೆಯ ವಿಶೇಷ ಗುಣ ಅಪಾರ ಬುದ್ಧಿಯಲ್ಲ, ವಿಧೇಯತೆ ಎಂಬ ಇವರ ಅಭಿಪ್ರಾಯವನ್ನು ಇಂದಿನ ಪ್ರಾಣಿಶಾಸ್ತ್ರ ಒಪ್ಪುವುದಿಲ್ಲ. ಕಿಪ್ಲಿಂಗನ ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಇವರೇ ಪ್ರೇರಣೆ ಎಂದು ಭಾವಿಸಲಾಗಿದೆ.

1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ನಡೆದ ಖೆಡ್ಡಾವನ್ನೂ ಇವರೇ ನಿರ್ವಹಿಸಿದರು. 1892ರಲ್ಲಿ ಮದರಾಸಿನಲ್ಲಿ ನಿಧನರಾದರು. ಕಾಕನಕೋಟೆಯಲ್ಲಿ ಖೆಡ್ಡಾಗಳು 1971ರವರೆಗೂ ನಡೆದವು.