ಮೇಡಂ ಕ್ಯೂರಿ ಓದಿದ ಕನ್ಯಾಶಾಲೆ

ಮೇಡಂ ಕ್ಯೂರಿಯೆಂದೊಡನೆ ರೇಡಿಯಂ ಧಾತು ನೆನಪಿಗೆ ಬರುವುದು ಸಹಜ. ಆದರೆ ಆ ಮಹಾಮಹಿಳೆ ಜನಿಸಿದ್ದೇ ಒಂದು ಕನ್ಯಾಶಾಲೆಯ ಕಟ್ಟಡದಲ್ಲಿ ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪೋಲೆಂಡ್ ದೇಶದ ವಾರ್ಸಾ ನಗರದ ಫ್ರೇತಾ ಬೀದಿಯಲ್ಲಿ 1867ರ ನವೆಂಬರ್ 7ರಂದು ಮಾರಿಯಾ ಸ್ಕ್ಲೊಡೊವ್ಸ್ಕಾ ಹುಟ್ಟಿದಾಗ, ತಾಯಿ ಬ್ರೊನಿಸ್ಲಾವಾ ಅಲ್ಲಿಯೇ ನಡೆಯುತ್ತಿದ್ದ ಬಾಲಿಕಾ ವಸತಿಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. ತಾವು ಕಲಿತ ಶಾಲೆಗೇ ಮುಖ್ಯಸ್ಥರಾದವರು. ತಂದೆ ವ್ಲಾಡಿಸ್ಲಾವ್ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು. ಐವರು ಮಕ್ಕಳಲ್ಲಿ ಮಾರಿಯಾ ಕಡೆಯವಳು.

ಅಂದಿನ ಪೋಲೆಂಡ್ ಪರಾಧೀನ ದೇಶ. ನೆರೆಯ ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ವಾರ್ಸಾ ರಷ್ಯದ ಜಾರ್ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. 1863ರ ದಂಗೆ ಅಡಗಿದ ಮೇಲಂತೂ ಆಳುವವರ ಕಣ್ಣು ಶಾಲೆಗಳ ಮೇಲೆ ಬಿತ್ತು. ಪೋಲಿಷ್ ಮಕ್ಕಳು ರಷ್ಯನ್ ಭಾಷೆಯಲ್ಲಿಯೇ ಪಾಠ ಕೇಳಬೇಕು, ತಮ್ಮ ನಾಡಿನ ಇತಿಹಾಸವನ್ನು ಓದಲೇಕೂಡದು ಎಂಬ ಕಟ್ಟಪ್ಪಣೆಯಾಯಿತು. ತಂದೆ ತಮ್ಮ ಪದವಿಯನ್ನೂ ಅದರೊಡನೆ ದೊರೆತಿದ್ದ ವಸತಿಯನ್ನೂ ಕಳೆದುಕೊಂಡು, ಮನೆಯಲ್ಲಿಯೇ ಹುಡುಗರನ್ನಿಟ್ಟುಕೊಂಡು ಊಟ ಪಾಠಗಳನ್ನೊದಗಿಸಿ ಸಂಸಾರ ಸಾಗಿಸಬೇಕಾಯಿತು. ಆ ಹುಡುಗರಿಂದ ತಗುಲಿದ ಜ್ವರಕ್ಕೆ ಹಿರಿಯ ಮಗಳು ಜೋಫಿಯಾ ಬಲಿಯಾದಳು. ತಾಯಿಗೆ ಕ್ಷಯರೋಗ. ಮಕ್ಕಳಿಗೆ ಸೋಂಕು ತಗುಲೀತೆಂಬ ಭಯದಿಂದ ಆ ಸಾಧ್ವಿ ಅವರನ್ನು ಮುದ್ದಿಸುತ್ತಲೂ ಇರಲಿಲ್ಲ. ಆದರೆ ಹಣ ಉಳಿಸಲೆಂದು ಚಮ್ಮಾರಿಕೆಯನ್ನು ಕಲಿತು, ಅವರ ಕಾಲಿಗೆ ತಾವೇ ಪಾದರಕ್ಷೆ ಹೊಲಿದುಕೊಟ್ಟರು. 1878ರಲ್ಲಿ ಅವರು ತೀರಿಕೊಂಡಾಗ ಮಾರಿಯಾಳಿಗೆ ಹತ್ತು ವರ್ಷ.

ಆಗ ಆಕೆ ಓದುತ್ತಿದ್ದುದು ಯಾದ್ವಿಗಾ ಸಿಕೋರ್ಸ್ಕಾ ಎಂಬ ಧೀರ ಮಹಿಳೆ ನಡೆಸುತ್ತಿದ್ದ ಖಾಸಗಿ ಕನ್ಯಾಶಾಲೆಯಲ್ಲಿ. ಅಲ್ಲಿ ವೇಳಾಪಟ್ಟಿಯೇ ಎರಡು ಬಗೆ: ಅಧಿಕಾರಿಗಳ ಕಣ್ಣಿಗೊಂದು, ಮಕ್ಕಳಿಗೊಂದು. ಕಾಗದದ ಮೇಲೆ ಸಸ್ಯಶಾಸ್ತ್ರವೆಂದಿದ್ದ ಅವಧಿಯಲ್ಲಿ ನಡೆಯುತ್ತಿದ್ದುದು ಪೋಲೆಂಡಿನ ಇತಿಹಾಸದ ಪಾಠ. ತನಿಖಾಧಿಕಾರಿ ಬಾಗಿಲಿಗೆ ಬಂದನೆಂದರೆ ಗೊತ್ತಾದ ರೀತಿಯಲ್ಲಿ ಗಂಟೆ ಬಾರಿಸುವುದು. ಕ್ಷಣಾರ್ಧದಲ್ಲಿ ಪೋಲಿಷ್ ಪುಸ್ತಕಗಳು ಮಾಯವಾಗಿ, ಬಾಲಿಕೆಯರು ಸೂಜಿದಾರ ಹಿಡಿದು ಹೊಲಿಗೆಯಲ್ಲಿ ತಲ್ಲೀನರಾಗಿರುವರು. ಬಂದವನು ಒಬ್ಬಳನ್ನು ಎಬ್ಬಿಸಿ ಪರೀಕ್ಷಿಸುವುದು ವಾಡಿಕೆ. ಉಪಾಧ್ಯಾಯಿನಿ ನಿಲ್ಲಿಸುತ್ತಿದ್ದುದು ತರಗತಿಯಲ್ಲಿಯೇ ಚಿಕ್ಕವಳೂ ಜಾಣೆಯೂ ಆದ ಮಾರಿಯಾಳನ್ನು. ಆಕೆ ಶುದ್ಧ ರಷ್ಯನ್ ಭಾಷೆಯಲ್ಲಿ ಪ್ರಾರ್ಥನೆಯನ್ನೂ ಜಾರ್ ದೊರೆಗಳ ಹೆಸರುಗಳನ್ನೂ ಒಪ್ಪಿಸಬೇಕು. ನಿಮ್ಮನ್ನಾಳುವವರು ಯಾರೆಂಬ ಪ್ರಶ್ನೆಗೆ ಪರರಾಜನ ಹೆಸರನ್ನು ಉಚ್ಚರಿಸಬೇಕು. ಶಾಲೆಯನ್ನುಳಿಸುವ ಭಾರ ಎಳೆಯ ನಾಲಗೆಯ ಮೇಲೆ! ಅಧಿಕಾರಿ ತೃಪ್ತನಾಗಿ ಹೊರಟುಹೋದ ಮೇಲೆ ಆ ಮಗು ಉಪಾಧ್ಯಾಯಿನಿಯನ್ನಪ್ಪಿಕೊಂಡು ಅತ್ತುಬಿಟ್ಟಿತೆಂದು ಮುಂದೆ ಆಕೆಯ ಮಗಳು ಈವ್ ಬರೆದ ಜೀವನಚರಿತ್ರೆಯಲ್ಲಿದೆ. ಆ ಉಪಾಧ್ಯಾಯಿನಿಯರು ಅಧಿಕಾರಿಗೆ ಹೇಳಿದ್ದು ಸುಳ್ಳೇ ಆದರೂ ಅದನ್ನು ಅಧರ್ಮವೆನ್ನುವವರು ವಿರಳ.

ಖಾಸಗಿ ಶಾಲೆಯ ಪ್ರಮಾಣಪತ್ರಕ್ಕೆ ಸರ್ಕಾರದಲ್ಲಿ ಬೆಲೆಯಿರಲಿಲ್ಲ. ಆದಕಾರಣ ಮಾರಿಯಾ ಸರ್ಕಾರಿ ಬಾಲಿಕಾ ಪ್ರೌಢಶಾಲೆಯನ್ನು ಸೇರಿ, 1883ರಲ್ಲಿ ಚಿನ್ನದ ಪದಕದೊಡನೆ ವಿದ್ಯಾಭ್ಯಾಸ ಮುಗಿಸಿದರು. ಮುಂದೆ ದಾರಿಯಿಲ್ಲ; ವಾರ್ಸಾ ವಿಶ್ವವಿದ್ಯಾಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತ ಗುಪ್ತವಾಗಿ ಪಾಠ ನಡೆಸುತ್ತಿದ್ದ ಸಂಚಾರಿ ವಿದ್ಯಾಪೀಠವೇ ಗತಿಯಾಯಿತು. ಅಕ್ಕ ಬ್ರೊನ್ಯಾ ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರ ಓದಲು ತಂಗಿ ದುಡಿದು ಹಣ ಕಳುಹಿಸುವುದು, ಬಳಿಕ ಅಕ್ಕ ತಂಗಿಯನ್ನು ಓದಿಸುವುದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಹಾಗೆ 1886ರಲ್ಲಿ ಷ್ಚೂಕಿ ಎಂಬ ಹಳ್ಳಿಯ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಉದ್ಯೋಗ ಹಿಡಿದ ಮಾರಿಯಾ, ಬಿಡುವಿನ ವೇಳೆಯಲ್ಲಿ ಒಕ್ಕಲುಮಕ್ಕಳಿಗೆ ಪೋಲಿಷ್ ಅಕ್ಷರಾಭ್ಯಾಸ ಮಾಡಿಸಿದರು. ಅದು ಶಿಕ್ಷಾರ್ಹವಾದ ಅಪರಾಧವೆಂಬುದು ಅವರಿಗೆ ತಿಳಿದೇ ಇತ್ತು.

ಕಡೆಗೆ 1891ರಲ್ಲಿ ಪ್ಯಾರಿಸ್ ಸೇರಿ, ಚಳಿಯಲ್ಲಿ ನಡುಗುತ್ತ, ಅರೆಹೊಟ್ಟೆಯಲ್ಲಿ ಓದಿ, 1893ರ ಭೌತಶಾಸ್ತ್ರ ಪರೀಕ್ಷೆಯಲ್ಲಿ ಮೊದಲಿಗರಾದರು. ಅಷ್ಟರಲ್ಲಿ ಕೈಬರಿದಾಗಿತ್ತು. ಆಗ ಕೈಹಿಡಿದದ್ದು, ಪರದೇಶದಲ್ಲಿ ಓದುವ ಯೋಗ್ಯ ಪೋಲಿಷ್ ವಿದ್ಯಾರ್ಥಿಗಳಿಗೆಂದು ಇದ್ದ ಅಲೆಕ್ಸಾಂಡ್ರೊವಿಚ್ ದತ್ತಿಯ 600 ರೂಬಲ್ ವಿದ್ಯಾರ್ಥಿವೇತನ. ಅದರಿಂದ ಮರುವರ್ಷ ಗಣಿತದಲ್ಲಿಯೂ ಪದವಿ ದೊರೆಯಿತು. ಸಂಪಾದನೆ ಆರಂಭವಾದೊಡನೆ ಮಾರಿಯಾ ಅದರಲ್ಲಿಯೇ ಉಳಿಸಿ, ಆ ಹಣವನ್ನಷ್ಟನ್ನೂ ದತ್ತಿಗೆ ಹಿಂದಿರುಗಿಸಿದರು. ಹಿಂದಿರುಗಿಸಬೇಕೆಂಬ ನಿಬಂಧನೆಯೇ ಇರಲಿಲ್ಲವಾಗಿ ದತ್ತಿಯ ಕಾರ್ಯದರ್ಶಿಗಳು ಬೆರಗಾದರು. ಆ ಹಣ ತಮ್ಮಲ್ಲಿರುವಷ್ಟು ಕಾಲವೂ ಇನ್ನೊಬ್ಬ ಬಡ ವಿದ್ಯಾರ್ಥಿಗೆ ತಪ್ಪಿದಂತೆಯೇ ಎಂಬುದು ಅವರ ಭಾವನೆಯಾಗಿತ್ತು.

ಮುಂದಿನ ಕಥೆ ಜಗದ್ವಿಖ್ಯಾತ: 1895ರಲ್ಲಿ ಪಿಯರ್ ಕ್ಯೂರಿಯವರೊಡನೆ ವಿವಾಹ, 1898ರಲ್ಲಿ ಪೊಲೋನಿಯಂ, ರೇಡಿಯಂಗಳ ಶೋಧ, 1903 ಮತ್ತು 1911ರಲ್ಲಿ ನೊಬೆಲ್ ಪಾರಿತೋಷಕಗಳು. ಭೂಪಟದಲ್ಲಿ ತಾಯ್ನಾಡಿನ ಹೆಸರೇ ಅಳಿಸಿಹೋಗಿದ್ದಾಗ ಅದನ್ನು ಧಾತುವಿಗಿಟ್ಟು ಉಳಿಸಿದ್ದರಲ್ಲಿ ಸಿಕೋರ್ಸ್ಕಾ ಶಾಲೆಯ ಪಾಠದ ಪಾಲೂ ಇರಬೇಕು. 1900ರಿಂದ ಸೆವ್ರ್ ಎಂಬಲ್ಲಿ ಭಾವೀ ಉಪಾಧ್ಯಾಯಿನಿಯರ ಶಾಲೆಯಲ್ಲಿ ಭೌತಶಾಸ್ತ್ರ ಬೋಧಿಸಿ, ಕನ್ಯೆಯರ ಕೈಯಲ್ಲಿಯೇ ಪ್ರಯೋಗಗಳನ್ನು ಮಾಡಿಸಿದರು. 1906ರಲ್ಲಿ ಪತಿ ಬೀದಿಯ ಅಪಘಾತದಲ್ಲಿ ಮಡಿದಾಗ ಅವರ ಸ್ಥಾನದಲ್ಲಿ ನಿಂತು ಉಪನ್ಯಾಸವಿತ್ತು, ಸೊರ್ಬಾನ್ ವಿದ್ಯಾಪೀಠದ ಮೊದಲ ಅಧ್ಯಾಪಿಕೆಯೆನಿಸಿದರು.

ಪೋಲೆಂಡ್ ಸ್ವತಂತ್ರವಾದ ಮೇಲೆ, 1932ರಲ್ಲಿ, ವಾರ್ಸಾದಲ್ಲಿ ರೇಡಿಯಂ ಸಂಸ್ಥೆ ಆರಂಭವಾಯಿತು. ಅಮೆರಿಕದ ದಾನಿಗಳ ನೆರವಿನಿಂದ ದೊರೆತ ಒಂದು ಗ್ರಾಂ ರೇಡಿಯಂ ಅನ್ನು ಮೇಡಂ ಕ್ಯೂರಿಯವರು ಅದಕ್ಕೆ ಒಪ್ಪಿಸಿಕೊಟ್ಟರು. ಸಂಸ್ಥೆಗಾಗಿ ದುಡಿದವರಲ್ಲಿ ಅಕ್ಕ ಬ್ರೊನ್ಯಾ ಪ್ರಮುಖರು. ಎರಡು ವರ್ಷಗಳ ತರುವಾಯ, 1934ರ ಜುಲೈ 4ರಂದು, ಮೇಡಂ ಕ್ಯೂರಿ ಕಾಲವಶರಾದರು. ಫ್ರೇತಾ ಬೀದಿಯ ಆ ಕಟ್ಟಡ ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾಗಿ, ಅನಂತರ ಮತ್ತೆ ಎದ್ದುನಿಂತಿತು. ತಾಯಿ ಶಾಲೆ ನಡೆಸುತ್ತಿದ್ದ ಆ ಸ್ಥಳದಲ್ಲಿ 1967ರಲ್ಲಿ, ಮಗಳ ಜನ್ಮಶತಾಬ್ದಿಯ ವರ್ಷ, ಆಕೆಯ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು.