ದಿವಾನಗಿರಿ ಬಿಟ್ಟವರು ಕಬ್ಬಿಣಕ್ಕೆ ಬಂದರು

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಅಂದ್ರೆ ಕನ್ನಂಬಾಡಿ ಕಟ್ಟೆ ಅಂತ ಮಾತು ಮುಗಿಸುವವರೇ ಜಾಸ್ತಿ. ಭದ್ರಾವತಿ ಮರೆತೇಹೋಗುತ್ತೆ!

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗಲೇ ಅಲ್ಲೊಂದು ಕಬ್ಬಿಣದ ಕಾರ್ಖಾನೆ ಆಗಲೇಬೇಕೆಂದು ಹಟ ಹಿಡಿದಿದ್ದರು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲಿಲ್ಲದ ಸೀಮೆ, ಹಾಗಾಗಿ ಉರಿಗೆ ಮಲೆನಾಡಿನ ಕಾಡಿನ ಇದ್ದಿಲು. 1923ರಲ್ಲಿ ಕುಲುಮೆಯೇನೋ ಹೊತ್ತಿತು. ಅಷ್ಟರಲ್ಲಿ ಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಸಂಸ್ಥಾನದ ದುಡ್ಡು ದಂಡ ಅಂತ ಗೊಣಗಾಟ ಶುರುವಾಯ್ತು. ಅರವತ್ತು ದಾಟಿದ ಮಾಜಿ ದಿವಾನರು ಆಗ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಕೂತರು. ಖರ್ಚು ಬಿಗಿ ಮಾಡಿದರು, ಪರದೇಶದ ತಜ್ಞರ ಜಾಗಕ್ಕೆ ನಾಡಿನ ಹುಡುಗರನ್ನು ತಯಾರು ಮಾಡಿದರು.

1929ರವರೆಗಿನ ದುಡಿಮೆಗೆ ಬರಬೇಕಿದ್ದ ಹಣ ಮುಟ್ಟಲಿಲ್ಲ. ಆ ದುಡ್ಡಿಂದ 1943ರಲ್ಲಿ ಬೆಂಗಳೂರಲ್ಲಿ ಕಸುಬು ಕಲಿಸುವ ಶಾಲೆ ಆಯ್ತು. ಅದಕ್ಕೂ ತಮ್ಮ ಹೆಸರು ಬೇಡವೆಂದರು. ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು.