ಗೇಮ್ ಬಾಯ್ ಹಿಂದಿನ ಇಂಜಿನಿಯರ್: ಗುನ್‌ಪೇ ಯೊಕೊಯ್

ಹೋದ ರಜೆಯಲ್ಲಿ ಚಿಕ್ಕಪ್ಪನ ಮನೆಯ ಅಟ್ಟದಲ್ಲಿ ಒಂದು ಹಳೇ ಗೇಮ್ ಬಾಯ್ ಸಿಕ್ತು. ಬೂದು ಬಣ್ಣ, ಒಳ್ಳೇ ಇಟ್ಟಿಗೆ ಥರ ಇದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದೆ, ಆನ್ ಆಗೇ ಬಿಡ್ತು! ಒಳಗೆ ಟೆಟ್ರಿಸ್. ಫೋನಿನಲ್ಲಿ ಅದನ್ನ ಎಷ್ಟೋ ಸಲ ಆಡಿದ್ದೆ. ಆದ್ರೆ ಇದರ ಸ್ಕ್ರೀನಿಗೆ ಲೈಟೇ ಇಲ್ಲ, ಕಿಟಕಿ ಹತ್ರ ಕೂತು ಆಡ್ಬೇಕಾಯ್ತು. ಇಷ್ಟು ಮಂಕಾಗಿ ಯಾಕೆ ಮಾಡಿದ್ರು ಅಂತ ಹುಡುಕ್ತಾ ಹೋದಾಗ ಸಿಕ್ಕ ಹೆಸರು ಗುನ್‌ಪೇ ಯೊಕೊಯ್.

ಯೊಕೊಯ್ ಹುಟ್ಟಿದ್ದು 1941ರಲ್ಲಿ, ಜಪಾನಿನ ಕ್ಯೋಟೋದಲ್ಲಿ. ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಟಾಪರ್ ಏನೂ ಅಲ್ಲ. ದೊಡ್ಡ ಕಂಪನಿಗಳಲ್ಲಿ ಕೆಲಸ ಸಿಗಲಿಲ್ಲ. 1965ರಲ್ಲಿ ಊರಲ್ಲೇ ಇದ್ದ ನಿಂಟೆಂಡೋ ಸೇರಿದರು. ಆಗ ಅದು ಇಸ್ಪೀಟು ಮಾಡುವ ಕಂಪನಿ. ಎಲೆ ತಯಾರಿಸುವ ಮಷೀನುಗಳನ್ನು ನೋಡಿಕೊಳ್ಳುವುದೇ ಇವರ ಕೆಲಸ.

ಬಿಡುವಿದ್ದಾಗ ತಮಾಷೆಗೆ ಅಂತ ಉದ್ದಕ್ಕೆ ಚಾಚುವ ಒಂದು ಕೈ ಮಾಡಿಕೊಂಡಿದ್ದರು. ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಅದನ್ನು ನೋಡಿಬಿಟ್ಟರು. ಬೈಸಿಕೊಳ್ಳುವ ಬದಲು ಅದನ್ನೇ ಆಟಿಕೆ ಮಾಡುವ ಕೆಲಸ ಸಿಕ್ಕಿತು! 1966ರಲ್ಲಿ ಬಂದ ಆ 'ಅಲ್ಟ್ರಾ ಹ್ಯಾಂಡ್' ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಆಮೇಲೆ ಒಂದು ದಿನ ಬುಲೆಟ್ ಟ್ರೈನಿನಲ್ಲಿ ಒಬ್ಬರು ಬೇಜಾರಿಗೆ ಕ್ಯಾಲ್ಕುಲೇಟರ್ ಬಟನ್ ಒತ್ತುತ್ತಾ ಕೂತಿದ್ದನ್ನು ಯೊಕೊಯ್ ಗಮನಿಸಿದರು. ಕ್ಯಾಲ್ಕುಲೇಟರ್ ಕಂಪನಿಗಳ ಪೈಪೋಟಿಯಿಂದ ಎಲ್‌ಸಿಡಿ ಆಗಲೇ ಅಗ್ಗವಾಗಿತ್ತು. ಅದನ್ನೇ ಬಳಸಿ 1980ರಲ್ಲಿ 'ಗೇಮ್ ಆ್ಯಂಡ್ ವಾಚ್' ತಂದರು. 1982ರ ಡಾಂಕಿ ಕಾಂಗ್‌ಗೆ ಜಾಯ್‌ಸ್ಟಿಕ್ ಇಟ್ಟರೆ ಜೇಬಿಗೆ ಹೋಗಲ್ಲ. ಅದಕ್ಕೆ ಪ್ಲಸ್ ಆಕಾರದ ಚಪ್ಪಟೆ ಬಟನ್ ಮಾಡಿದರು. ಇವತ್ತಿನ ಗೇಮ್ ಕಂಟ್ರೋಲರ್‌ಗಳಲ್ಲಿ ಎಡಗಡೆ ಇರೋ ಡಿ-ಪ್ಯಾಡ್ ಶುರುವಾಗಿದ್ದು ಹೀಗೆ.

ಎಲ್ಲರೂ ಬಳಸಿ ಹಳೇದಾದ, ಅಗ್ಗದ ಟೆಕ್ನಾಲಜಿಗೆ ಹೊಸ ಉಪಯೋಗ ಹುಡುಕೋದು ಅವರ ದಾರಿ. 1989ರಲ್ಲಿ ಅವರ ತಂಡ ಮಾಡಿದ ಗೇಮ್ ಬಾಯ್ ಕೂಡ ಹಾಗೇ: 8 ಬಿಟ್ ಪ್ರೊಸೆಸರ್, 160×144 ಪಿಕ್ಸೆಲ್, ಬರೀ ನಾಲ್ಕು ಶೇಡ್. ಎದುರಾಳಿಗಳಾದ ಅಟಾರಿ ಲಿಂಕ್ಸ್, ಸೆಗಾ ಗೇಮ್ ಗೇರ್‌ಗಳಲ್ಲಿ ಕಲರ್ ಇತ್ತು, ಬ್ಯಾಕ್‌ಲೈಟ್ ಇತ್ತು. ಆದ್ರೆ ಆರು ಸೆಲ್ ಹಾಕಿದ್ರೂ ಕೆಲವೇ ಗಂಟೆ. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ಓಡ್ತಿತ್ತು. ಗೇಮ್ ಬಾಯ್ ಕಲರ್ ಕೂಡ ಸೇರಿ ಮಾರಾಟವಾಗಿದ್ದು ಸುಮಾರು 11.87 ಕೋಟಿ!

ಎಲ್ಲವೂ ಗೆಲ್ಲಲಿಲ್ಲ. 1995ರ 'ವರ್ಚುವಲ್ ಬಾಯ್' ಪೂರ್ತಿ ಸೋತಿತು. ಬರೀ ಕೆಂಪು ಬಣ್ಣದ ಅದರ ಚಿತ್ರ ನೋಡಿ ತಲೆನೋವು ಅಂದವರೇ ಜಾಸ್ತಿ. 1996ರಲ್ಲಿ ನಿಂಟೆಂಡೋ ಬಿಟ್ಟು ಸ್ವಂತ ಕಂಪನಿ ಕಟ್ಟಿದರು. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಸಣ್ಣ ಅಪಘಾತವಾಗಿ ಕಾರಿನಿಂದ ಇಳಿದಾಗ ಇನ್ನೊಂದು ಕಾರು ಗುದ್ದಿತು. ಆಗ ಅವರಿಗೆ 56 ವರ್ಷ. ಅವರು ಕೈಹಾಕಿದ್ದ 'ವಂಡರ್‌ಸ್ವಾನ್' ಹೊರಬಂದಿದ್ದು 1999ರಲ್ಲಿ.

2023ರಿಂದ ಗೇಮ್ ಬಾಯ್ ಆಟಗಳು ನಿಂಟೆಂಡೋ ಸ್ವಿಚ್‌ನಲ್ಲೂ ಸಿಗ್ತಿವೆ. ನಿಜ ಹೇಳ್ಬೇಕಂದ್ರೆ ಆಡೋಕೆ ಅದೇ ಆರಾಮ. ಸ್ಕ್ರೀನ್ ಬೆಳಗತ್ತೆ, ಎಲ್ಲಿ ಬೇಕಾದ್ರೂ ಸೇವ್ ಮಾಡಬಹುದು. ನನ್ನ ಗೇಮ್ ಬಾಯ್ ಆಫ್ ಮಾಡಿದ್ರೆ ಟೆಟ್ರಿಸ್ ಸ್ಕೋರ್ ಅಳಿಸಿ ಹೋಗತ್ತೆ. ಆದ್ರೆ ಹೊಸದರಲ್ಲಿ ಬರೋದು ಆಟ ಮಾತ್ರ. ಯೊಕೊಯ್ ಮಾಡಿದ ಲೆಕ್ಕಾಚಾರ ಬರಲ್ಲ. ಬ್ಯಾಕ್‌ಲೈಟ್ ಬಿಟ್ಟು ಬ್ಯಾಟರಿ ಉಳಿಸಿದ್ದು, ಬಣ್ಣ ಬಿಟ್ಟು ಬೆಲೆ ಇಳಿಸಿದ್ದು, ಇದೆಲ್ಲ ನಂಗೆ ಅರ್ಥ ಆಗಿದ್ದು ಆ ಮಂಕು ಸ್ಕ್ರೀನನ್ನು ಕಿಟಕಿ ಕಡೆ ತಿರುಗಿಸಿದಾಗಲೇ.

ಈಗ ನಮ್ಮ ಮಿನಿ ಪ್ರಾಜೆಕ್ಟ್ ಟೀಮಿನಲ್ಲಿ ಕಲರ್ ಟಚ್ ಸ್ಕ್ರೀನ್ ಬೇಕಾ ಬೇಡ್ವಾ ಅಂತ ಜಗಳ. ಗಿಡಕ್ಕೆ ನೀರು ಹಾಕೋ ಸಿಸ್ಟಮ್ ಅದು, ಬ್ಯಾಟರಿಯಲ್ಲೇ ಓಡಬೇಕು. ಲ್ಯಾಬಲ್ಲಿ ಬಿದ್ದಿರೋ 16×2 ಎಲ್‌ಸಿಡಿ ಸಾಕು ಅಂತ ನಾನು ಹೇಳಿದೀನಿ. ಮೂರು ಜನ ಒಪ್ಪಿಲ್ಲ. ನಾಳೆ ಗೇಮ್ ಬಾಯ್ ಕಾಲೇಜಿಗೆ ತಗೊಂಡು ಹೋಗ್ತೀನಿ.